ಮುದ್ದುವಿನ ಮುಖ

ಮಾರ್ಚ್ 3, ಸೋಮವಾರ

ಚಿತ್ರ ಬರೆಯುವ ಕ್ಲಾಸಿಗೆ ಹೆಸರು ಕೊಟ್ಟು ಬಂದೆ. ಐವತ್ತು ದಾಟಿದ ಹೆಂಗಸು, ಬ್ಲೌಸ್ ಹೊಲಿಯುವವಳು, ಇನ್ನು ಪೆನ್ಸಿಲು ಹಿಡಿದು ಶಾಲೆ ಮಕ್ಕಳ ಹಾಗೆ ಕೂತುಕೊಳ್ಳುವುದು. ಇವರ ಹತ್ತಿರ ಹೇಳಿದರೆ ನಗಾಡ್ತಾರೆ ಅಂತ ಹೇಳಲಿಲ್ಲ. ಲೈನಿಂಗ್ ಬಟ್ಟೆ ತರಲಿಕ್ಕುಂಟು ಅಂತ ಹೇಳಿ ಹೋದದ್ದು.

ನಿನ್ನೆ ಗಂಡಿನ ಕಡೆಯವರು ಬಂದಿದ್ದರು. ಜುಲೈಯಲ್ಲಿ, ಆಟಿ ತಿಂಗಳಲ್ಲಿ ಮದುವೆ ಅಂತ ನಿಶ್ಚಯ ಆಯ್ತು. ಮಗಳು ತೃಷಾಳದ್ದಲ್ಲ, ಅವಳ ಅಕ್ಕ ಮುದ್ದುವಿನದ್ದು. ಮೂರು ತಿಂಗಳ ಮಗುವಾಗಿದ್ದಾಗ ಜ್ವರ ಬಂದು ಹೋದವಳು, ಅವಳಿಗೀಗ ಮದುವೆಯ ಪ್ರಾಯ. ಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಅವರಿಗೂ ಕುಲೆ ಮದಿಮೆ, ಸತ್ತವರ ಮದುವೆ, ಮಾಡಿ ಒಂದು ಜೊತೆ ಕೊಡಬೇಕು ಅಂತ ನಮ್ಮಲ್ಲಿ ಉಂಟು. ತೃಷಾಳಿಗೆ ಬಂದ ಸಂಬಂಧಗಳೆಲ್ಲ ಇನ್ನೇನು ಆಯ್ತು ಅನ್ನುವಾಗ ತಪ್ಪಿಹೋಗುವುದು ಅಕ್ಕ ಅಲ್ಲಿ ಕಾದು ಕೂತದ್ದರಿಂದ ಅಂತ ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ಕಂಡಿತು.

ಹುಡುಗ ರೋಷನ್. ಕಾಲೇಜಿನ ಕೊನೆಯ ವರ್ಷದಲ್ಲಿ ನಂತೂರಿನಲ್ಲಿ ಬೈಕಿಗೆ ಲಾರಿ ಬಡಿದು ಹೋದವನು. ಅವನ ಅಮ್ಮ ಚೌಕಟ್ಟು ಹಾಕಿಸಿದ ಫೋಟೊ ತಂದಿದ್ದರು. ಚಂದದ ಹುಡುಗ, ನಗುವಾಗ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ. ಮದುವೆಯ ದಿನ ಇದನ್ನು ಕುರ್ಚಿಯಲ್ಲಿ ಪಂಚೆ ಶಾಲಿನ ಮೇಲೆ ಇಡುತ್ತೇವೆ ಅಂದರು. ಮತ್ತೆ ಕೇಳಿದರು, "ನಿಮ್ಮ ಹುಡುಗಿಯ ಫೋಟೊ ಉಂಟಾ?"

ಇಲ್ಲ. ವರ್ಷ ತುಂಬುವ ಮೊದಲು ಫೋಟೊ ತೆಗೆದರೆ ಆಯುಷ್ಯ ಕಡಿಮೆ ಅಂತ ನಮ್ಮ ಅತ್ತೆ ತೆಗೆಯಲಿಕ್ಕೆ ಬಿಡಲಿಲ್ಲ. ತೆಗೆಯದೆಯೂ ಹೋದಳು.

ಆ ಹೆಂಗಸು ಪಾಪ, ಕೆಟ್ಟದ್ದಕ್ಕೆ ಕೇಳಿದ್ದಲ್ಲ. ಆದರೂ ನನ್ನ ಹೊಟ್ಟೆ ಉರಿಯಿತು. ಅವರ ಮಗ ಮುಖ ಇಟ್ಟುಕೊಂಡು ಕೂರುವುದು, ನನ್ನ ಮಗಳು ಬರೀ ಸೀರೆ. ಅದು ಆಗಲಿಕ್ಕಿಲ್ಲ. ಅವಳು ಈಗ ಹೇಗಿರುತ್ತಿದ್ದಳೋ ಹಾಗೆ ನಾನೇ ಬರೆಯುತ್ತೇನೆ.

ತೃಷಾ ಎಂಟಕ್ಕೆ ಬಂದಳು, ಉಂಡಳು, ಮಲಗಿದಳು.

ಮಾರ್ಚ್ 8, ಶನಿವಾರ

ಮೊದಲ ಕ್ಲಾಸ್. ಕದ್ರಿ ಪಾರ್ಕಿನ ಹಿಂದೆ ಒಂದು ಮನೆಯ ಮಹಡಿ, ನಮ್ಮಲ್ಲಿಂದ ನಡೆದೇ ಹೋಗಬಹುದು. ಪಿಯುಸ್ ಮಾಸ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ರಿಟೈರ್ ಆದವರು. ಮಾತು ಮೆಲ್ಲ, ಆದರೆ ಬಿಡುವ ಜನ ಅಲ್ಲ. ಇಡೀ ಕ್ಲಾಸ್ ಗೆರೆ ಎಳೆಸಿದರು. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ. ನಾನು ಚೀಲದಿಂದ ಸ್ಕೇಲು ತೆಗೆದದ್ದೇ ಕೈಯಿಂದ ತೆಗೆದುಕೊಂಡು ಕಪಾಟಿನ ಮೇಲೆ ಇಟ್ಟರು.

"ಚಂಪಕ್ಕ, ಇಲ್ಲಿ ಟೇಪು ಸ್ಕೇಲು ಇಲ್ಲ. ಕೈ ಉಂಟು, ಕಣ್ಣುಂಟು."

"ಮುಖ ಯಾವಾಗ ಹೇಳಿಕೊಡ್ತೀರಿ ಮಾಸ್ಟ್ರೇ?"

"ಮುಖವಾ? ಮೊದಲು ನೀವು ಬರೆದ ಚೆಂಬು ಬೀಳದೆ ನಿಲ್ಲಲಿ ಮಾರಾಯ್ರೆ."

ನನ್ನ ಬೆಂಚಿನಲ್ಲಿ ಹಫ್ಸಾ ಅಂತ ಒಬ್ಬಳು ಹುಡುಗಿ. ಮಾವನದ್ದು ಬಂದರಿನಲ್ಲಿ ಅಂಗಡಿ, ಗಂಡ ದುಬೈಯಲ್ಲಿ. ಅವಳಿಗೆ ಮುಖದ ಅವಸರ ಇಲ್ಲ. "ನಮ್ಮಲ್ಲಿ ಮನುಷ್ಯರ ಚಿತ್ರ ಬೇಡ ಅಂತಾರೆ ಆಂಟಿ, ನನಗೆ ಪಾತ್ರೆ, ಹೂವು ಸಾಕು," ಅಂದಳು. ಪುಣ್ಯವಂತೆ.

ಮಾರ್ಚ್ 22, ಶನಿವಾರ

ಚೆಂಬಿನ ಬಾಯಿಯಲ್ಲಿ ಜೀವ ಹೋಯ್ತು. ಬಾಯಿ ದುಂಡಗೆ ಉಂಟಲ್ಲ ಅಂತ ನಾನು ಬಳೆಯ ಹಾಗೆ ದುಂಡಗೆ ಬರೆದೆ. ಮಾಸ್ಟ್ರು ಚೆಂಬನ್ನು ಎದುರಿಗೆ ಇಟ್ಟು, "ಕೂತಲ್ಲಿಂದ ನಿಮಗೆ ದುಂಡಗೆ ಕಾಣ್ತದಾ?" ಅಂದರು. ಕಾಣುವುದಿಲ್ಲ. ಚಪ್ಪಟೆ ಕಾಣ್ತದೆ. "ಮತ್ತೆ ಎಂತಕ್ಕೆ ದುಂಡಗೆ ಬರೆದದ್ದು?" ದುಂಡಗೆ ಉಂಟು ಅಂತ ಗೊತ್ತುಂಟಲ್ಲ ಮಾಸ್ಟ್ರೇ, ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಅಂಥ ಚೆಂಬಿನಲ್ಲಿ ನೀರು ಕುಡಿದಿದ್ದೇನೆ.

ಮನೆಯಲ್ಲಿ ಇವರಿಗೆ ಚಿತ್ರದ ಪುಸ್ತಕ ಸಿಕ್ಕಿತು. "ಇದು ಎಂತ ಚಂಪಾ, ಬದನೆಕಾಯಿಯಾ?" ಅಂದರು. ಸಿಟ್ಟಿನಲ್ಲಿ ಎಲ್ಲ ಹೇಳಿಬಿಟ್ಟೆ, ಎಂತಕ್ಕೆ ಕಲಿಯುವುದು, ಯಾರ ಮುಖ ಬರೆಯಲಿಕ್ಕೆ ಅಂತ. ಇವರು ಪುಸ್ತಕ ಮುಚ್ಚಿ ಇಟ್ಟರು. ಸಂಜೆ ಕೆಲಸ ಮುಗಿಸಿ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಬರುವಾಗ ಒಂದು ಒಳ್ಳೆ ಪೆನ್ಸಿಲಿನ ಪೆಟ್ಟಿಗೆ ತಂದು ಟಿವಿಯ ಹತ್ತಿರ ಇಟ್ಟು ಸ್ನಾನಕ್ಕೆ ಹೋದರು. ನೋಣಯ್ಯ ಅನ್ನುವ ಮನುಷ್ಯ ಅಷ್ಟೇ, ಹೇಳಲಿಕ್ಕೆ ಬರುವುದಿಲ್ಲ.

ಏಪ್ರಿಲ್ 12, ಶನಿವಾರ

ಇವತ್ತು ನೆರಳು. ಬಿಳಿ ಬಟ್ಟೆಯ ಮೇಲೆ ಒಂದು ಮೊಟ್ಟೆ ಇಟ್ಟು ಕಿಟಕಿ ತೆರೆದರು. ಅಂಚಿಗೆ ಗೆರೆ ಎಳೆಯಲಿಕ್ಕಿಲ್ಲ, ನೆರಳಿನಿಂದಲೇ ಮೊಟ್ಟೆ ಆಗಬೇಕು. ಮೆಲ್ಲ ಉಜ್ಜುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಕಾಗದದಿಂದ ಎದ್ದು ಬಂತು, ದುಂಡಗೆ, ನುಣ್ಣಗೆ. ಮುದ್ದುವಿನ ತಲೆ ಹೀಗೇ ಇತ್ತು, ಕೂದಲಿಲ್ಲದೆ, ಎಣ್ಣೆ ಹಚ್ಚಿದರೆ ಮಿನುಗುತ್ತಿತ್ತು. ಅಂಗೈಯಲ್ಲಿ ಹಿಡಿದರೆ ಅಂಗೈ ತುಂಬುತ್ತಿತ್ತು. ನನಗೆ ಅಳು ತಡೆಯಲಿಕ್ಕೆ ಆಗಲಿಲ್ಲ. ಹಫ್ಸಾ ಟಿಶ್ಯೂ ಕೊಟ್ಟು, "ಕಣ್ಣು ಉರಿಯುತ್ತದಾ ಆಂಟಿ, ಕನ್ನಡಕ ಬದಲಿಸಬೇಕೋ ಏನೋ," ಅಂದಳು. ಹೌದು ಅಂದೆ.

ಸಂಜೆ ಮನೆಯಲ್ಲಿ ಮತ್ತೆ ಮೊಟ್ಟೆ ಇಟ್ಟು ಕೂತಿದ್ದೆ. ತೃಷಾ ಲ್ಯಾಬಿನ ಡ್ಯೂಟಿ ಮುಗಿಸಿ ಬಂದವಳು, "ಅಮ್ಮ, ಅದು ಬರೆದಾದರೆ ಆಮ್ಲೆಟ್ ಮಾಡಬಹುದಾ? ಮಧ್ಯಾಹ್ನ ಊಟ ಆಗಲಿಲ್ಲ," ಅಂದಳು. ಕೈ ಅಲುಗಿತು, ಚಿತ್ರ ಹಾಳಾಯ್ತು. ಮುದ್ದು ಇದ್ದಿದ್ದರೆ ಹೀಗೆ ಮಾತಾಡ್ತಿರಲಿಲ್ಲ, ಅಂದೆ. ತೃಷಾ ಮೊಟ್ಟೆಯನ್ನು ಫ್ರಿಜ್ಜಿನಲ್ಲಿ ಇಟ್ಟು ಕೋಣೆಗೆ ಹೋದಳು. ಇವಳಿಗೆ ಬೇಗ ಕೋಪ.

ಏಪ್ರಿಲ್ 29, ಮಂಗಳವಾರ

ಮುದ್ದು ಹೋದ ದಿನ. ಪೆನ್ಸಿಲು ಮುಟ್ಟಲಿಲ್ಲ.

ಮೇ 17, ಶನಿವಾರ

ಅಂತೂ ಮುಖಕ್ಕೆ ಬಂದೆವು. ಮಾಸ್ಟ್ರು ಬೋರ್ಡಿನಲ್ಲಿ ಒಂದು ಮೊಟ್ಟೆ ಬರೆದು ಸರಿ ನಡುವಿನಲ್ಲಿ ಗೆರೆ ಎಳೆದು, ಕಣ್ಣು ಇಲ್ಲಿ ಅಂದರು. ನಾನು ಒಪ್ಪಲಿಲ್ಲ. ಕಣ್ಣು ಮೇಲೆ ಇರುವುದು, ಎಲ್ಲರಿಗೂ ಗೊತ್ತುಂಟು. "ಮನೆಗೆ ಹೋಗಿ ನೋಡಿ," ಅಂದರು.

ತೃಷಾ ಬಂಗುಡೆ ಸಾರು ಹಾಕಿ ಉಣ್ಣುತ್ತಾ ಇದ್ದಳು. ನಾನು ಟೇಪು ತಂದು ಅವಳ ನೆತ್ತಿಯಿಂದ ಗಲ್ಲದವರೆಗೆ ಹಿಡಿದೆ. "ಎಂತ ಮಾಡ್ತೀ ಅಮ್ಮ, ತಲೆಗೂ ಬ್ಲೌಸ್ ಹೊಲಿಯುತ್ತೀಯಾ?" ಅಂತ ನಕ್ಕಳು, ಅನ್ನ ಬಾಯಿಯಲ್ಲೇ ಇತ್ತು. ಮಾಸ್ಟ್ರು ಹೇಳಿದ್ದು ಸರಿ, ಕಣ್ಣು ನಡುವಿನಲ್ಲೇ ಇರುವುದು. ಇವಳ ಹಣೆ ಅಗಲ. ನಕ್ಕರೆ ಮೇಲಿನ ತುಟಿ ಸ್ವಲ್ಪ ಎಡಕ್ಕೆ ಹೋಗ್ತದೆ. ಮೊದಲು ಹೀಗೆ ಇರಲಿಲ್ಲ, ಅಲ್ಲ, ಇದ್ದಿರಬಹುದು.

ಜೂನ್ 14, ಶನಿವಾರ

ಬರೆಯಲಿಕ್ಕೆ ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಒಂದು ವಾರದಿಂದ ಮುದ್ದುವನ್ನು ಬರೆಯಲು ಕೂತುಕೊಳ್ಳುತ್ತಿದ್ದೇನೆ. ಅಳತೆಯೆಲ್ಲ ಸರಿ ಉಂಟು, ಕಣ್ಣು ನಡುವೆ, ಮೂಗು ಅದರ ಕೆಳಗೆ. ಬರುವುದು ಕ್ಯಾಲೆಂಡರಿನ ಹುಡುಗಿ. ಉಜ್ಜಿ ಉಜ್ಜಿ ಕಾಗದ ತೂತಾಯ್ತು. ಇವತ್ತು ಕ್ಲಾಸ್ ಬಿಟ್ಟ ಮೇಲೆ ಮಾಸ್ಟ್ರಿಗೆ ಎಲ್ಲ ಹೇಳಿದೆ. ಅವರು ಇಗರ್ಜಿಗೆ ಹೋಗುವವರು, ನಮ್ಮ ಮದಿಮೆಯ ಕತೆ ಕೇಳಿ ನಗಾಡಬಹುದು ಅಂತ ಹೆದರಿದ್ದೆ. ನಗಲಿಲ್ಲ.

"ನಾನು ಬರೆದುಕೊಡಲಾ ಚಂಪಕ್ಕ?"

"ನೀವು ಅವಳನ್ನು ನೋಡಿದ್ದೀರಾ?"

"ಇಲ್ಲ. ನೀವು ನೋಡಿದ್ದೀರಲ್ಲ. ನೆನಪು ಉಂಟಲ್ಲ?"

ಅವಳ ಮೈಯ ಬಿಸಿ ನೆನಪುಂಟು. ಹಾಲು ಕುಡಿಯುವಾಗ ನನ್ನ ತಾಳಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದದ್ದು ನೆನಪುಂಟು. ಕೊನೆಯ ದಿನ ಮೈಗೆ ಸುತ್ತಿದ ಬೈರಾಸು ಬಟ್ಟೆಯ ಬಣ್ಣ ಸಹ ನೆನಪುಂಟು, ಹಸಿರು. ಮುಖ ನೆನಪಿಲ್ಲ, ಅದನ್ನೇ ಮಾಸ್ಟ್ರಿಗೆ ಹೇಳಿದೆ. ಯಾವಾಗ ಹೋಯ್ತು ಅಂತಲೂ ಗೊತ್ತಿಲ್ಲ. ದಿನಾ ದೀಪ ಹಚ್ಚುವಾಗ ಅವಳನ್ನು ನೆನೆಯುತ್ತೇನೆ, ಮತ್ತೆ ನೆನೆಯುತ್ತಾ ಇದ್ದದ್ದು ಎಂತದ್ದನ್ನು?

ಮಾಸ್ಟ್ರು, "ಎದುರಿಗೆ ಯಾರೂ ಇಲ್ಲದೆ ಮುಖ ಬರೆಯಲಿಕ್ಕೆ ನನಗೂ ಆಗುವುದಿಲ್ಲ. ತಂಗಿ ಇದ್ದಾಳಲ್ಲ. ಒಂದೇ ಹೊಟ್ಟೆಯ ಮಕ್ಕಳು. ಅವಳನ್ನು ಕೂರಿಸಿ ನೋಡಿ," ಅಂದರು.

ಜೂನ್ 22, ಆದಿತ್ಯವಾರ

ತೃಷಾ ಒಪ್ಪಲಿಕ್ಕಿಲ್ಲ ಅಂತ ಇದ್ದೆ. ಈ ಮದಿಮೆಯ ಮಾತೆತ್ತಿದರೆ, "ನನ್ನ ಸಂಬಂಧ ತಪ್ಪಿದ್ದಕ್ಕೆ ಆ ಪಾಪದ ಮಗು ಎಂತ ಮಾಡಿತು?" ಅಂತ ಎದ್ದು ಹೋಗುವವಳು. ಇವತ್ತು ಕೇಳಿದಾಗ ನನ್ನ ಮುಖ ನೋಡಿ, "ಅಕ್ಕನಿಗೆ ನನ್ನ ಮೂಗು ಕೊಡುವುದಾ? ಕೊಡು, ನನಗೆಂತ ಕಡಿಮೆ ಆಗುವುದಿಲ್ಲ," ಅಂದಳು. ಕಿಟಕಿಯ ಹತ್ತಿರ ಸ್ಟೂಲಿನಲ್ಲಿ ಕೂತಳು. ಮೊದಲು ಕೈಯಲ್ಲಿ ಮೊಬೈಲು ಇತ್ತು. ಆಮೇಲೆ ಅದನ್ನು ಕೆಳಗಿಟ್ಟಳು.

ಇವತ್ತು ತಲೆಯ ಆಕಾರ ಮಾತ್ರ ಆಯ್ತು. ಒಳ್ಳೆಯ ಮಳೆ, ಬೆಳಕು ಸಾಲಲಿಲ್ಲ.

ಜುಲೈ 6, ಆದಿತ್ಯವಾರ

ಬೆಳಿಗ್ಗೆ ಇಡೀ ಕೂತಿದ್ದಳು. ಇವರಿಗೆ ತಿಂಡಿ ಕೊಡಲಿಕ್ಕೂ ಮರೆತೆ, ಪಾಪ, ಅವರೇ ಅವಲಕ್ಕಿ ಕಲಸಿಕೊಂಡರು.

ಇವಳ ಕಣ್ಣಿನ ಕೆಳಗೆ ಕಪ್ಪು ಉಂಟು. ನೆರಳು ಅಂತ ನಾನು ಮೊದಲು ತಿಳಿದದ್ದು, ಮುಖ ತಿರುಗಿಸಿದರೂ ಹೋಗಲಿಲ್ಲ. ಬಲಗಣ್ಣು ಎಡಕ್ಕಿಂತ ಒಂದು ಎಳೆ ಸಣ್ಣದು. ಮೂಗಿನ ತುದಿ ನನ್ನ ಅಮ್ಮನದ್ದೇ. ಸುಮ್ಮನೆ ಕೂತಾಗ ಹುಬ್ಬಿನ ನಡುವೆ ಒಂದು ಗೆರೆ ಬರ್ತದೆ, ಈ ಪ್ರಾಯಕ್ಕೆ ಬರಬಾರದ್ದು. ಗಲ್ಲ ಸ್ವಲ್ಪ ಮುಂದಕ್ಕೆ ಹಿಡಿಯುತ್ತಾಳೆ, ಯಾರೋ ಬೈಯಲಿಕ್ಕೆ ಬರುತ್ತಾರೆ ಅನ್ನುವ ಹಾಗೆ. ಅದನ್ನು ಹಾಗೆಯೇ ಬರೆಯಲಿಕ್ಕೆ ತುಂಬ ಕಷ್ಟ ಆಯ್ತು.

"ಇಷ್ಟು ಹೊತ್ತು ನೀನು ನನ್ನನ್ನು ಯಾವತ್ತೂ ನೋಡಿದ್ದೇ ಇಲ್ಲ ಅಮ್ಮ," ಅಂದಳು ಎಡೆಯಲ್ಲಿ.

ಅಲುಗಬೇಡ ಅಂದೆ.

ಆಮೇಲೆ ಅವಳೇ ಹೇಳಿದಳು. ಫಳ್ನೀರಿನ ಲ್ಯಾಬಿಗೆ ಸಣ್ಣ ಮಕ್ಕಳನ್ನು ರಕ್ತ ಪರೀಕ್ಷೆಗೆ ತರುತ್ತಾರಂತೆ. ಮಕ್ಕಳ ನರ ಸಿಗುವುದು ಕಷ್ಟ, ಬೇರೆಯವರು ಇವಳನ್ನೇ ಕರೆಯುವುದು. "ಮೂರು ತಿಂಗಳ ಮಗು ಬಂದರೆ ಕೈ ಹಿಡಿದು, ಅಕ್ಕ ಇಷ್ಟೇ ಇದ್ದಳಲ್ಲ ಅಂತ ನೋಡ್ತೇನೆ. ಜ್ವರ ಜಾಸ್ತಿ ಇದ್ದರೆ ರಿಪೋರ್ಟ್ ನಾನೇ ಓಡಿ ತಕ್ಕೊಂಡು ಹೋಗ್ತೇನೆ." ಇದನ್ನು ಇವಳು ಒಂದು ದಿನವೂ ನನ್ನ ಹತ್ತಿರ ಹೇಳಿದವಳಲ್ಲ. ನಾನು ಕೇಳಿದ್ದು ಉಂಟಾ ಅಂತ ಯೋಚಿಸಿದೆ. ಇಲ್ಲ.

ಮಧ್ಯಾಹ್ನ ಅವಳಿಗೆ ಇಷ್ಟ ಅಂತ ಪತ್ರೊಡೆ ಮಾಡಿದೆ. ಇಷ್ಟ ಅಂತ ನನಗೆ ನೆನಪಿದ್ದದ್ದು. ಇಷ್ಟವಾ ಅಂತ ಕೇಳಿದೆ, ಹೌದು ಅಂದಳು.

ಜುಲೈ 19, ಶನಿವಾರ

ಮುಗಿಯಿತು. ತಲೆಗೆ ಮಲ್ಲಿಗೆ, ಹಣೆಗೆ ಬೊಟ್ಟು, ಕಿವಿಗೆ ನನ್ನ ಬುಗುಡಿ. ಮದುಮಗಳ ಹಾಗೆ ಉಂಟು. ಮಾಸ್ಟ್ರು ಕನ್ನಡಕ ತೆಗೆದು ಹತ್ತಿರ ಹಿಡಿದು ನೋಡಿ, "ಇನ್ನು ನಾನು ಮುಟ್ಟಲಿಕ್ಕೆ ಎಂತ ಇಲ್ಲ," ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ದೊಡ್ಡದು.

ಹಫ್ಸಾ ಬಗ್ಗಿ ನೋಡಿದಳು. "ಅಯ್ಯೋ ಆಂಟಿ, ಇವರು ನನ್ನ ಅತ್ತೆಗೆ ರಕ್ತ ತೆಗೆದವರಲ್ಲವಾ? ಜೀವ ಬಂದ ಹಾಗುಂಟು." ಅಲ್ಲ ಮಗಳೇ, ಅದು ಅವಳ ಅಕ್ಕ, ಅಂದೆ. ಹಫ್ಸಾ ಇನ್ನೊಮ್ಮೆ ನೋಡಿ ತನ್ನ ಹೂವು ಬರೆಯಲಿಕ್ಕೆ ತಿರುಗಿದಳು. ನನಗೆ ಖುಷಿಯಾಯ್ತು. ಜೀವ ಉಂಟು ಅಂತಾಯ್ತಲ್ಲ.

ಇವರು ನೋಡಿ, "ನಮ್ಮ ಮನೆಯದ್ದೇ ಮುಖ," ಅಂದರು. ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಟ್ಟೆ. ಕುರ್ಚಿಯಲ್ಲಿ ಇಡುವ ತನಕ ಯಾರಿಗೂ ತೋರಿಸಲಿಕ್ಕಿಲ್ಲ.

ಜುಲೈ 27, ಆದಿತ್ಯವಾರ

ಮದಿಮೆ ಆಯ್ತು. ಇವತ್ತು ಬರೆಯಲಿಕ್ಕೆ ಆಗುವುದಿಲ್ಲ.

ಜುಲೈ 28, ಸೋಮವಾರ

ನಿನ್ನೆ ಮದಿಮೆ ಆದದ್ದು ನಮ್ಮ ಮನೆಯ ಚಾವಡಿಯಲ್ಲೇ. ಮಧ್ಯಾಹ್ನದ ಮೇಲೆ ಗಂಡಿನ ಕಡೆಯವರು ಬಂದರು. ತೃಷಾ ಎಲ್ಲರಿಗೂ ಚಾ ಕೊಟ್ಟು ಫಳ್ನೀರಿನ ಗೆಳತಿಯ ರೂಮಿಗೆ ಹೊರಟಳು. ಮದುವೆಯಾಗದವರು ಕುಲೆ ಮದಿಮೆ ನೋಡಲಿಕ್ಕಿಲ್ಲ. ಹೋಗುವಾಗ ದೇವರ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕನಿಗೆ ನನ್ನ ಲೆಕ್ಕದಲ್ಲಿ ಒಂದು ಮೊಳ ಮಲ್ಲಿಗೆ ಜಾಸ್ತಿ ಇಡು," ಅಂದಳು.

ಎರಡು ಕುರ್ಚಿ ಇಟ್ಟಾಯ್ತು. ಒಂದರಲ್ಲಿ ಪಂಚೆ, ಶಾಲು, ರೋಷನನ ಫೋಟೊ. ಇನ್ನೊಂದರಲ್ಲಿ ಅವರು ತಂದ ಧಾರೆ ಸೀರೆ, ಬಳೆ, ಕನ್ನಡಿ, ಮಲ್ಲಿಗೆ. ನಾನು ಚಿತ್ರ ತಂದು ಬಟ್ಟೆ ಬಿಚ್ಚಿ ಸೀರೆಯ ಮೇಲೆ ನಿಲ್ಲಿಸಿದೆ. ನನ್ನ ಎದೆ ತುಂಬಿ ಬಂದಿತ್ತು, ಸುಳ್ಳು ಯಾಕೆ ಹೇಳಲಿ, ಜಂಬವೂ ಇತ್ತು.

ಮೊದಲು ಮಾತಾಡಿದ್ದು ರೋಷನನ ಅಮ್ಮ. ಮೆಲ್ಲಗೆ ಕೇಳಿದರು, "ಇದು ಈಗ ಚಾ ಕೊಟ್ಟ ಹುಡುಗಿಯಲ್ಲವಾ?"

ಮತ್ತೆ ಇವರ ಅಕ್ಕ, ನನ್ನ ದೊಡ್ಡ ಅತ್ತಿಗೆ, ಎದ್ದು ಬಂದರು. "ಚಂಪಾ, ನಿನಗೆ ಮಂಡೆ ಸಮ ಉಂಟಾ? ಆ ಹುಡುಗಿ ಕಣ್ಣಿನಲ್ಲಿ ನೋಡಲಿಕ್ಕೂ ಇಲ್ಲದ ಜಾಗ ಇದು. ನೀನು ಜೀವ ಇರುವವಳನ್ನು ತಂದು ಸತ್ತವನ ಹತ್ತಿರ ಕೂರಿಸಿದ್ದೀಯಲ್ಲ."

ಇದು ಮುದ್ದು ಅತ್ತಿಗೆ, ಅಂದೆ. ಹೇಳುತ್ತಾ ನಾನೂ ನೋಡಿದೆ. ಎಡ ಹುಬ್ಬಿನಲ್ಲಿ ಕೂದಲಿಲ್ಲದ ಸಣ್ಣ ಗೀರು ಉಂಟು, ಅಂಗನವಾಡಿಯ ಮೆಟ್ಟಿಲಲ್ಲಿ ಬಿದ್ದು ತೃಷಾಳಿಗೆ ಹೊಲಿಗೆ ಹಾಕಿದ್ದ ಜಾಗ. ಅದನ್ನೂ ಬರೆದಿದ್ದೇನೆ. ಯಾವಾಗ ಬರೆದೆ ಅಂತ ಗೊತ್ತಿಲ್ಲ, ಕಂಡಿತು, ಬರೆದೆ. ಮುದ್ದು ನಡೆಯಲಿಕ್ಕೆ ಕಲಿತವಳೇ ಅಲ್ಲ, ಅವಳು ಎಲ್ಲಿ ಬೀಳಬೇಕು?

ಮದಿಮೆ ನಡೆಸುವ ಗುರಿಕಾರರು ಹಿರಿಯರು, ಬೈಯಲಿಲ್ಲ. "ಧಾರೆಯ ಹೊತ್ತು ಆಗ್ತಾ ಬಂತು, ಆ ಕಾಗದ ತೆಗೆಯಿರಿ ಅಮ್ಮ," ಅಂದರು. ಅತ್ತಿಗೆ ಅದನ್ನು ಒಲೆಗೆ ಹಾಕಿ ದೋಷ ಕಳೆಯಬೇಕು ಅಂತ ಕೈ ಚಾಚಿದರು. ನಾನು ಕೊಡಲಿಲ್ಲ. ನನ್ನ ಮಗಳ ಮುಖವನ್ನು ನನ್ನ ಒಲೆಗೆ ಹಾಕುವುದಾ ಅತ್ತಿಗೆ, ಅಂತ ಹೇಳಿ ಎದೆಗೆ ಅವುಚಿಕೊಂಡು ಒಳಗೆ ಹೋಗಿ ತೃಷಾಳ ಕಪಾಟಿನಲ್ಲಿ ಅವಳ ಚೂಡಿದಾರದ ಅಡಿಯಲ್ಲಿ ಇಟ್ಟು ಬೀಗ ಹಾಕಿದೆ.

ಹೊರಗೆ ಬಂದಾಗ ಮುದ್ದುವಿನ ಕುರ್ಚಿಯಲ್ಲಿ ಸೀರೆ ಮಾತ್ರ ಇತ್ತು. ಐದು ತಿಂಗಳು ಕೂತು ಕಲಿತದ್ದು, ಅವಳಿಗೆ ಒಂದು ಕಣ್ಣು ಕೊಡಲಿಕ್ಕೂ ನನ್ನಿಂದ ಆಗಲಿಲ್ಲ. ನಾನು ಅಲ್ಲೇ ಗೋಡೆಗೆ ಒರಗಿ ನಿಂತೆ. ರೋಷನನ ಅಮ್ಮ ನನ್ನನ್ನು ನೋಡುತ್ತಾ ಇದ್ದರು. ಮತ್ತೆ ಎದ್ದು ಹೋಗಿ ಮಗನ ಫೋಟೊವನ್ನು ಕುರ್ಚಿಯಿಂದ ತೆಗೆದು ಮಡಿಲಲ್ಲಿ ಕವುಚಿ ಇಟ್ಟುಕೊಂಡರು. "ಅವಳಿಗೆ ಇಲ್ಲದ್ದು ಇವನಿಗೂ ಬೇಡ. ಅವರವರಿಗೆ ಗುರುತು ಸಿಗ್ತದೆ," ಅಂದರು. ನಾನು ಹೊಟ್ಟೆ ಉರಿದುಕೊಂಡ ಹೆಂಗಸು ಇವರು.

ಸೀರೆಯ ತುದಿ, ಶಾಲಿನ ತುದಿ ಸೇರಿಸಿ ಇವರು ನೀರೆರೆದರು. ಸ್ವಲ್ಪ ಹೊರಗೆ ಚೆಲ್ಲಿತು. ನಾನು ಒಂದು ಮೊಳ ಮಲ್ಲಿಗೆ ಜಾಸ್ತಿ ಇಟ್ಟೆ. ಎಲ್ಲರೂ ಕೋಳಿ ಸುಕ್ಕ ಉಂಡರು. ಮುದ್ದುವನ್ನು ಗಂಡಿನ ಕಡೆಯವರ ಜೊತೆ ಕಳಿಸಿ ಕೊಟ್ಟೆವು.

ಜುಲೈ 29, ಮಂಗಳವಾರ

ತೃಷಾ ಬೆಳಿಗ್ಗೆ ಬಂದಳು. ಆಗಲೇ ಅತ್ತಿಗೆ ಅವಳಿಗೆ ಫೋನು ಮಾಡಿ ಎಲ್ಲ ಹೇಳಿದ್ದರು, ದೇವಸ್ಥಾನಕ್ಕೆ ಹೋಗಿ ಬರಬೇಕು ಅಂತ. ನಾನು ಹೊಲಿಗೆ ಮೆಷಿನಿನ ಎದುರು ಸುಮ್ಮನೆ ಕೂತಿದ್ದೆ. ಬೈಯುತ್ತಾಳೆ ಅಂತ ಕಾದೆ. ನನ್ನನ್ನು ಅಲ್ಲಿ ಕೂರಿಸಿದೆಯಲ್ಲ ಅಂತ ಕೇಳುತ್ತಾಳೆ ಅಂದುಕೊಂಡೆ.

ಚಿತ್ರ ಎಲ್ಲಿ ಅಂತ ಕೇಳಿದಳು. ಬೀಗದ ಕೈ ಕೊಟ್ಟೆ. ತಂದು ಕಿಟಕಿಯ ಹತ್ತಿರ ಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು. ಹುಬ್ಬಿನ ಮೇಲೆ ಬೆರಳು ಇಟ್ಟು ತನ್ನ ಹುಬ್ಬನ್ನೂ ಮುಟ್ಟಿಕೊಂಡಳು.

"ಇದು ಯಾರು ಅಮ್ಮ?"

"ನೀನು."

"ಬರೆಯುವಾಗ ಯಾರು?"

ಸುಳ್ಳು ಹೇಳಬಹುದಿತ್ತು. "ಬರೆಯುವಾಗ ಗೊತ್ತಿರಲಿಲ್ಲ ಮಗಾ. ಅವಳ ಮುಖ ನನಗೆ ನೆನಪಿಲ್ಲ," ಅಂದೆ. ಮನೆಯವರ ಎದುರು ಬಾಯಿಬಿಟ್ಟು ಇದನ್ನು ಹೇಳಿದ್ದು ಮೊದಲ ಸಲ. ಹೇಳಿ ಅತ್ತುಬಿಟ್ಟೆ. ಅವಳು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ನಿಂತಳು, ಅವಳೂ ಅತ್ತಳು, ಯಾರಿಗಾಗಿ ಅಂತ ನಾನು ಕೇಳಲಿಲ್ಲ.

ಆಮೇಲೆ ಪೆನ್ಸಿಲು ತಂದು ಕೈಗೆ ಕೊಟ್ಟಳು. "ಹಾಗಾದರೆ ಕೆಳಗೆ ನನ್ನ ಹೆಸರು ಬರಿ. ನನ್ನ ಕೋಣೆಯಲ್ಲಿ ಹಾಕ್ತೇನೆ."

ಬರೆಯಲಿಕ್ಕೆ ಕೂತೆ. ಕೈ ತನ್ನಷ್ಟಕ್ಕೆ ಹೋಯ್ತು. ಮುದ್ದು ಅಂತ ಬರೆದಾದ ಮೇಲೆ ಕಂಡದ್ದು. ಗಡಿಬಿಡಿಯಲ್ಲಿ ರಬ್ಬರು ತಕ್ಕೊಂಡು ಉಜ್ಜಿದೆ, ಮೇಲೆ ತೃಷಾ ಅಂತ ಬರೆದೆ. ಒತ್ತಿ ಬರೆದಿದ್ದೆ, ಪೂರ್ತಿ ಹೋಗಲಿಲ್ಲ, ಹತ್ತಿರದಿಂದ ನೋಡಿದರೆ ಅಡಿಯಲ್ಲಿ ಕಾಣ್ತದೆ.

ಅವಳು ಹತ್ತಿರದಿಂದಲೇ ನೋಡಿದಳು. ನಾನು ಇನ್ನೊಮ್ಮೆ ಉಜ್ಜಲಿಕ್ಕೆ ಹೋದೆ, ಕೈ ಹಿಡಿದಳು.

"ಇರಲಿ ಅಮ್ಮ," ಅಂದಳು. "ಅವಳೂ ಇರಲಿ."